ಕಡಲ ನೀರಿನ ಬಾಟಲಿಯಲ್ಲಿ ಸಿಕ್ಕ ಸತು

ಕರಾವಳಿ ನೀರಿನಲ್ಲಿ ವಿಷಲೋಹ ಎಷ್ಟಿದೆ ಅಂತ ನೋಡಲು ಹೊರಟಾಗ, ನೀರು ತುಂಬಿಸುವುದು ಏನು ಮಹಾ ಕೆಲಸ, ಬಾಟಲಿ ಮುಳುಗಿಸಿದರೆ ಆಯ್ತಲ್ವಾ ಅಂದುಕೊಂಡಿದ್ದೆ. ಮೊದಲ ಸುತ್ತಿನ ಫಲಿತಾಂಶ ಬಂತು. ಸತು ಎಲ್ಲ ಕಡೆಯೂ ಜಾಸ್ತಿ. ಚರಂಡಿ ಬಂದು ಸೇರುವ ಜಾಗದಲ್ಲಿ ಜಾಸ್ತಿ ಇದ್ದರೆ ಒಪ್ಪಬಹುದು, ದೂರದ ತಿಳಿನೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಗುಟ್ಟು ಬಿಟ್ಟುಕೊಟ್ಟಿದ್ದು ಫೀಲ್ಡ್ ಬ್ಲ್ಯಾಂಕ್. ಲ್ಯಾಬಿನ ಅತಿಶುದ್ಧ ನೀರನ್ನು ದೋಣಿಗೆ ಒಯ್ದು, ಅಲ್ಲೇ ಮುಚ್ಚಳ ತೆಗೆದು, ಇನ್ನೊಂದು ಬಾಟಲಿಗೆ ಸುರಿದು, ಸೋಸಿ, ಆಸಿಡ್ ಹಾಕಿ, ಸಮುದ್ರದ ನೀರಿಗೆ ಏನೇನು ಮಾಡುತ್ತೇವೋ ಅದನ್ನೆಲ್ಲ ಅದಕ್ಕೂ ಮಾಡಿ ವಾಪಸ್ ತರಬೇಕು. ಅದರಲ್ಲಿ ಸತು ಇರಲೇಬಾರದು. ಇತ್ತು! ಒಂದೊಂದೇ ವಸ್ತು ಬದಲಿಸಿ ನೋಡುತ್ತಾ ಹೋದಾಗ ಸಿಕ್ಕಿದ್ದು ಕೈಗವಸಿನ ಬಿಳಿ ಪುಡಿ. ತೆರೆದ ಸಾಗರದ ಮೇಲ್ನೀರಿನಲ್ಲಿ ಸತು ಲೀಟರಿಗೆ 1 ಮೈಕ್ರೋಗ್ರಾಂಗಿಂತ ಕಡಿಮೆ. ಅಷ್ಟು ಸಣ್ಣ ಅಂಕಿಯನ್ನು ಕೆಡಿಸಲು ಒಂದು ಚಿಟಿಕೆ ಪುಡಿ ಬೇಕಾದಷ್ಟಾಯಿತು. ಆ ಸುತ್ತಿನ ಸತುವಿನ ಅಂಕಿಗಳನ್ನೆಲ್ಲ ಕೈಬಿಟ್ಟೆ. ಹೊಟ್ಟೆ ಉರಿಯಿತು, ಆದರೆ ಬೇರೆ ದಾರಿ ಇರಲಿಲ್ಲ.

ಅಲ್ಲಿಂದ ಪದ್ಧತಿಯೇ ಬದಲಾಯಿತು. ಪ್ಲಾಸ್ಟಿಕ್ ಬಾಟಲಿಗಳನ್ನು ಶೇಕಡಾ 10ರ ನೈಟ್ರಿಕ್ ಆಸಿಡ್‌ನಲ್ಲಿ ಒಂದು ವಾರ ನೆನೆಸಿ, ಶುದ್ಧ ನೀರಲ್ಲಿ ಹಲವು ಸಲ ತೊಳೆದು, ಎರಡೆರಡು ಚೀಲದಲ್ಲಿ ಮುಚ್ಚಿಡುತ್ತೇನೆ. ಪುಡಿ ಇಲ್ಲದ ಕೈಗವಸು. ದೋಣಿಯಲ್ಲಿ ಇಬ್ಬರು: ಒಬ್ಬರು ಬಾಟಲಿ ಬಿಟ್ಟು ಬೇರೇನೂ ಮುಟ್ಟುವಂತಿಲ್ಲ, ಹಗ್ಗ, ಹೊರಚೀಲ, ಪೆನ್ನು ಎಲ್ಲ ಇನ್ನೊಬ್ಬರದು. ದೋಣಿಯನ್ನೂ ನಂಬುವ ಹಾಗಿಲ್ಲ. ತುಕ್ಕು ತಡೆಯಲು ಅದರ ತಳಕ್ಕೆ ಸತುವಿನ ಗಟ್ಟಿ ಕಟ್ಟಿರುತ್ತಾರೆ, ಪಾಚಿ ಹಿಡಿಯದಿರಲು ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದೆ. ಹಾಗಾಗಿ ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ ತಿರುಗಿಸಿ, ಮುಂದಿನ ತುದಿಯಿಂದ ಕೈ ಚಾಚಿ, ದೋಣಿಗೆ ಇನ್ನೂ ತಾಗದ ನೀರನ್ನೇ ತುಂಬಿಸುತ್ತೇವೆ. ಪಾದರಸಕ್ಕೆ ಮಾತ್ರ ಗಾಜು ಅಥವಾ ಟೆಫ್ಲಾನ್ ಬಾಟಲಿ, ಸಾಮಾನ್ಯ ಪ್ಲಾಸ್ಟಿಕ್ ಬೇಡ.

ಇಷ್ಟೆಲ್ಲ ಮಾಡಿದರೂ ಬಾಟಲಿಯ ನೀರು ಹೇಳುವುದು ಆ ಗಳಿಗೆಯ ಕಥೆ ಮಾತ್ರ. ರಾತ್ರಿ ಯಾರೋ ಏನೋ ಸುರಿದು, ಬೆಳಗಿನ ಇಳಿತದಲ್ಲಿ ಅದು ಕೊಚ್ಚಿಹೋದರೆ ಬಾಟಲಿಗೆ ಗೊತ್ತಾಗುವುದಿಲ್ಲ. ಪಚ್ಚಿಲೆಗೆ ಗೊತ್ತಾಗುತ್ತದೆ. ಬಂಡೆಗೆ ಕಚ್ಚಿಕೊಂಡು ಹಗಲೂ ರಾತ್ರಿ ನೀರು ಸೋಸುವ ಚಿಪ್ಪು ಅದು, ಸಿಕ್ಕ ವಿಷ ಅದರ ಮಾಂಸದಲ್ಲಿ ಸೇರಿಕೊಳ್ಳುತ್ತದೆ. ಸಮುದ್ರ ರಸಾಯನ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲೇ ಇದನ್ನು ಜಗತ್ತಿನ ಕರಾವಳಿಗಳ ಕಾವಲಿಗೆ ಬಳಸೋಣ ಅಂದಿದ್ದರು. ನಾನು ಎಲ್ಲ ಕಡೆಯಿಂದಲೂ ಒಂದೇ ಗಾತ್ರದ್ದನ್ನು, ಸುಮಾರು 5 ಸೆಂಟಿಮೀಟರಿನದನ್ನು, ಆರಿಸುತ್ತೇನೆ. ಗಾತ್ರ ಬೇರೆಯಾದರೆ ಹೋಲಿಕೆಗೆ ಅರ್ಥವಿಲ್ಲ. ಒಂದು ದಿನ ಶುದ್ಧ ಸಮುದ್ರದ ನೀರಿನಲ್ಲಿ ಬಿಟ್ಟು ಹೊಟ್ಟೆಯ ಕೆಸರು ಹೊರಹೋಗಲು ಕಾಯುತ್ತೇನೆ. ಸ್ಟೀಲ್ ಚಾಕುವಿನಿಂದ ನಿಕ್ಕಲ್, ಕ್ರೋಮಿಯಂ ಸೇರಬಹುದು, ಅದಕ್ಕೇ ಸೆರಾಮಿಕ್ ಚಾಕುವಿನಿಂದ ಬಿಡಿಸುತ್ತೇನೆ.

ತಳದ ಕೆಸರನ್ನೂ ತೆಗೆಯುತ್ತೇನೆ, ಮೇಲಿನ 1–2 ಸೆಂಟಿಮೀಟರ್ ಮಾತ್ರ. ನುಣ್ಣನೆ ಕೆಸರು ಮರಳಿಗಿಂತ ಜಾಸ್ತಿ ಲೋಹ ಹಿಡಿದಿಡುತ್ತದೆ, ಆದ್ದರಿಂದ ನುಣ್ಣನೆ ಮಣ್ಣಿನಲ್ಲಿ ಸಹಜವಾಗಿಯೇ ಇರುವ ಅಲ್ಯೂಮಿನಿಯಂ ಜೊತೆ ಹೋಲಿಸದೆ ಸುಮ್ನೆ ಅಂಕಿ ನೋಡಿದರೆ ಕೆಸರಿನ ಜಾಗವೆಲ್ಲ ಕೆಟ್ಟದ್ದೇ ಅನಿಸುತ್ತದೆ.

ದೋಣಿ ರಿಪೇರಿ ಕಟ್ಟೆಯ ಬಳಿಯ ಪಚ್ಚಿಲೆಯಲ್ಲಿ ತಾಮ್ರ ದೂರದ ಬಂಡೆಯದಕ್ಕಿಂತ ಜಾಸ್ತಿ ಬಂತು. ಮೂರು ಸುತ್ತಿನಲ್ಲೂ ಹಾಗೇ ಬಂತು, ಮೂರೂ ಸಲ ಬ್ಲ್ಯಾಂಕ್ ಶುದ್ಧವಾಗಿತ್ತು. ಹಳೆಯ ಬಣ್ಣ ಕೆರೆದ ಪುಡಿಯನ್ನು ನೀರಿಗೆ ಬಿಡಬೇಡಿ ಅಂತ ಅಲ್ಲಿನವರಿಗೆ ಹೇಳಲು ಆ ಅಂಕಿಗಳನ್ನೇ ಹಿಡಿದುಕೊಂಡು ಹೋದೆ.