ನೆನಪು ಕಳೆದುಕೊಂಡ ರೌಡಿಯ ಕಾದಂಬರಿ: ದಾರಿ ತಪ್ಪದೆ ಓದುವುದು ಹೇಗೆ

ಮಾಟ, ಮಚ್ಚು, ಮರೆವು ಮೂರೂ ಒಂದೇ ಪುಸ್ತಕದಲ್ಲಿ ಸೇರಿದರೆ ನೂರನೇ ಪುಟದ ಹೊತ್ತಿಗೆ ಓದುಗರಿಗೆ ತಲೆಬುಡ ತಿಳಿಯದಂತಾಗುತ್ತದೆ. ಯಾರು ಯಾವ ಗ್ಯಾಂಗು, ಯಾವುದು ನಿಜಕ್ಕೂ ನಡೆದದ್ದು, ಯಾವುದು ನಾಯಕನ ತಲೆಗೆ ಯಾರೋ ತುಂಬಿದ್ದು, ಎಲ್ಲ ಕಲಸಿಹೋಗುತ್ತದೆ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಮತ್ತು ಪ್ರತಿ ಅಧ್ಯಾಯಕ್ಕೂ ಹಾಕಬೇಕಾದ ಒಂದು ಪ್ರಶ್ನೆ: ಇವನು ಮರೆತದ್ದರಿಂದ ಲಾಭ ಯಾರಿಗೆ?

ಈ ಪ್ರಶ್ನೆ ನಮ್ಮ ಕಡೆ ಹಳೆಯದೇ. ಮಹಾಭಾರತದ ಆದಿಪರ್ವದ ದುಷ್ಯಂತ ಏನನ್ನೂ ಮರೆತಿರುವುದಿಲ್ಲ; ಎಲ್ಲ ನೆನಪಿದ್ದೂ ಶಕುಂತಲೆಯನ್ನು ಕಂಡೇ ಇಲ್ಲ ಎನ್ನುತ್ತಾನೆ. ದೂರ್ವಾಸರ ಶಾಪವೂ ಉಂಗುರವೂ ಕಾಳಿದಾಸನ ನಾಟಕದಲ್ಲಿ ಬಂದು ಸೇರಿದವು, ರಾಜನ ತಪ್ಪು ಶಾಪದ ಪಾಲಾಯಿತು. ಗ್ಯಾಂಗ್‌ಸ್ಟರ್ ಫ್ಯಾಂಟಸಿ ಹಿಡಿದಾಗಲೂ ಇದು ಆದಿಪರ್ವದ ಮರೆವೋ ಕಾಳಿದಾಸನ ಮರೆವೋ ಎಂದು ಪದೇ ಪದೇ ಕೇಳಿಕೊಳ್ಳಬೇಕು. ಭೂಗತ ಲೋಕದಲ್ಲಿ ‘ನೋಡಿಲ್ಲ, ಗೊತ್ತಿಲ್ಲ’ ಅನ್ನುವುದೇ ಕಾನೂನು. ಸಿಸಿಲಿಯ ಮಾಫಿಯಾದಲ್ಲಿ ಅದಕ್ಕೆ ಒಮೆರ್ತಾ ಎಂಬ ಹೆಸರೇ ಇದೆ. ಸಾಕ್ಷಿಯ ಬಾಯಿ ಮುಚ್ಚಿಸಲು ಬೆದರಿಕೆ ಬೇಕು, ದುಡ್ಡು ಬೇಕು, ಆಮೇಲೂ ಅವನು ತಿರುಗಿಬೀಳುವ ಭಯ ಇದ್ದೇ ಇರುತ್ತದೆ. ನೆನಪನ್ನೇ ಕಿತ್ತುಕೊಳ್ಳುವ ವಿದ್ಯೆ ಕೈಯಲ್ಲಿದ್ದರೆ ಆ ತಲೆನೋವೇ ಇಲ್ಲ. ಇಂಥ ಕಥೆಯಲ್ಲಿ ಮಾಟ ಇರುವುದು ಅಲಂಕಾರಕ್ಕಲ್ಲ, ಧಂಧೆಗೆ.

ನೋಟ್‌ಬುಕ್ಕಿನ ಪುಟಕ್ಕೆ ನಾಲ್ಕು ಕಾಲಂ ಎಳೆಯಿರಿ: ಪುಟದ ಸಂಖ್ಯೆ, ಹೇಳಿದ ಸಂಗತಿ, ಹೇಳಿದವರು, ಅವರಿಗೆ ಅದು ಗೊತ್ತಾದದ್ದು ಹೇಗೆ. ಕಾಫಿ ತೋಟದ ರೈಟರ್ ಆಳುಗಳ ಹಾಜರಿಪಟ್ಟಿ, ಅಂದರೆ ಚೆಕ್‌ರೋಲ್, ಬರೆಯುವ ಹಾಗೆ ಬರೆಯಬೇಕು, ಅಭಿಪ್ರಾಯ ಬೇಡ, ಬರೀ ಹಾಜರಿ. ನಾಲ್ಕನೆಯ ಕಾಲಂನಲ್ಲಿ ‘ಕಂಡದ್ದು’, ‘ಕೇಳಿದ್ದು’, ‘ಕನಸು’, ‘ಬೇರೆಯವರು ಹೇಳಿಕೊಟ್ಟದ್ದು’ ಇಷ್ಟರಲ್ಲಿ ಒಂದನ್ನು ಹಾಕಿದರೆ ಸಾಕು. ಅಧ್ಯಾಯಕ್ಕೆ ಐದಾರು ಸಾಲಿಗಿಂತ ಹೆಚ್ಚು ಬರೆಯಲು ಹೋದರೆ ಮೂರನೇ ದಿನಕ್ಕೆ ಪುಸ್ತಕವೂ ಬೇಡ ನೋಟ್‌ಬುಕ್ಕೂ ಬೇಡ ಅನಿಸುತ್ತದೆ. ಬರೆದದ್ದು ಸುಳ್ಳೆಂದು ಆಮೇಲೆ ಗೊತ್ತಾದರೆ ರಬ್ಬರ್ ಹಾಕಬೇಡಿ, ಗೆರೆ ಎಳೆದು ಪಕ್ಕದಲ್ಲಿ ಹೊಸ ಪುಟಸಂಖ್ಯೆ ಬರೆಯಿರಿ. ಯಾರ ಹೆಸರಿನ ಮುಂದೆ ಹೆಚ್ಚು ಗೆರೆ ಬೀಳುತ್ತದೋ ಅವನ ಮೇಲೆ ಕಣ್ಣಿಡಿ.

ಮೊದಲ ಅಧ್ಯಾಯದಿಂದ ಮಾತ್ರ ಸ್ವಲ್ಪ ಹೆಚ್ಚೇ ಎತ್ತಿಕೊಳ್ಳಬೇಕು: ಗಾಯದ ಕಲೆ ಎಲ್ಲಿದೆ, ಎಡಗೈಯೋ ಬಲಗೈಯೋ, ಯಾವ ವಾಸನೆಗೆ ಬೆಚ್ಚುತ್ತಾನೆ, ಕೈ ತಾನಾಗಿಯೇ ಏನು ಮಾಡುತ್ತದೆ. ಹೆಸರು ಮರೆತವನು ಪಿಸ್ತೂಲಿಗೆ ಕಣ್ಣುಮುಚ್ಚಿ ಗುಂಡು ತುಂಬುವುದನ್ನು ಕಂಡು ‘ಲೇಖಕ ರೀಲು ಬಿಡ್ತಾನೆ’ ಎಂದು ಪುಸ್ತಕ ಮಡಚುವವರುಂಟು. ಅದು ರೀಲಲ್ಲ. 1953ರಲ್ಲಿ ಅಪಸ್ಮಾರಕ್ಕೆಂದು ಹೆನ್ರಿ ಮೊಲೈಸನ್ ಎಂಬಾತನ ಮಿದುಳಿನ ಎರಡೂ ಬದಿಯಲ್ಲಿ ಹೊಸ ನೆನಪು ಮೂಡಿಸುವ ಹಿಪ್ಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದರು. ಆಮೇಲೆ ಹೊಸ ನೆನಪು ಅವನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ಎಳೆಯುವ ಕೆಲಸದಲ್ಲಿ ದಿನದಿಂದ ದಿನಕ್ಕೆ ಪಳಗಿದ, ಹಿಂದೆ ಅದನ್ನು ಮಾಡಿದ್ದೇನೆಂಬುದು ಮಾತ್ರ ಅವನಿಗೆ ನೆನಪಿರಲಿಲ್ಲ. ಕೈಯ ಕಸುಬು ಮಿದುಳಿನ ಬೇರೆ ದಾರಿಯಲ್ಲಿ ಉಳಿಯುತ್ತದೆ. ಹಾಗಾಗಿ ನಾಯಕನ ಬಾಯಿಗಿಂತ ಅವನ ಕೈಯನ್ನು ನಂಬಿ.

ಇನ್ನೂ ಎರಡು ಸಂಗತಿ ಗೊತ್ತಿದ್ದರೆ ಒಳ್ಳೆಯದು. ತಲೆಗೆ ಪೆಟ್ಟು ಬಿದ್ದಾಗ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಹೋಗುತ್ತದೆ, ಬಾಲ್ಯದ್ದು ಉಳಿಯುತ್ತದೆ. ಫ್ರಾನ್ಸಿನ ಮನೋವಿಜ್ಞಾನಿ ರಿಬೊ ಇದನ್ನು 1881ರಲ್ಲೇ ನಿಯಮವಾಗಿ ಬರೆದಿಟ್ಟ. ಕಾದಂಬರಿಯಲ್ಲಿ ಬಾಲ್ಯ ಪೂರ್ತಿ ಅಳಿಸಿಹೋಗಿ ಕಳೆದ ವಾರ ಮಾತ್ರ ನಿಚ್ಚಳವಾಗಿದ್ದರೆ ಅಲ್ಲಿ ಪೆಟ್ಟಿಗಿಂತ ಮಾಟದ ಕೈವಾಡ ಜಾಸ್ತಿ, ಗುರುತು ಹಾಕಿಕೊಳ್ಳಿ. ಎರಡನೆಯದು, ಬೇರೆಯವರು ಹೇಳಿಕೊಟ್ಟ ನೆನಪು. ಮನೋವಿಜ್ಞಾನಿಗಳಾದ ಲಾಫ್ಟಸ್ ಮತ್ತು ಪಿಕ್ರೆಲ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರಿಗೆ ‘ಚಿಕ್ಕಂದಿನಲ್ಲಿ ಮಾಲ್‌ನಲ್ಲಿ ಕಳೆದುಹೋಗಿದ್ದಿ’ ಎಂಬ ಸುಳ್ಳು ಕಥೆ ಕೊಟ್ಟಾಗ ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯೋ ಅರೆಬರೆಯೋ ನೆನಪಿಸಿಕೊಂಡರು. ಹಾಗಿರುವಾಗ ಬಾಸು ತಾನೇ ಕೂತು ‘ನೀನು ನನ್ನ ತಮ್ಮನಿದ್ದಂಗೆ ಕಣೋ’ ಎಂದು ಹಳೆಯ ಕಥೆ ಹೇಳುವ ದೃಶ್ಯ ಬಂದರೆ, ನಂತರದ ಪುಟಗಳಲ್ಲಿ ನಾಯಕನಿಗೆ ‘ಮರಳಿ ಬರುವ’ ನೆನಪು ಆ ಕಥೆಯದ್ದೇ ಮರುಪ್ರಸಾರವೋ ಎಂದು ಸಾಲಿಗೆ ಸಾಲು ಹೋಲಿಸಿ ನೋಡಿ. ಇಟಾಲಿಕ್ಸಿನಲ್ಲಿ ಅಚ್ಚಾಗಿದೆ ಎಂದ ಮಾತ್ರಕ್ಕೆ ಫ್ಲ್ಯಾಶ್‌ಬ್ಯಾಕು ಸತ್ಯವಾಗುವುದಿಲ್ಲ.

ಕಾಲ ಹಿಂದುಮುಂದಾದರೆ ಗಾಯಗಳನ್ನೇ ಗಡಿಯಾರ ಮಾಡಿಕೊಳ್ಳಿ. ಮುಖದ ಹೊಲಿಗೆ ಐದಾರು ದಿನಕ್ಕೆ, ಕೈಕಾಲಿನದ್ದು ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚುತ್ತಾರೆ. ಕೆಂಪು ಕಲೆ ಬಿಳಿಚಲು ತಿಂಗಳುಗಳೇ ಬೇಕು. ಒಂದು ದೃಶ್ಯದಲ್ಲಿ ಹೊಲಿಗೆ, ಮುಂದಿನದರಲ್ಲಿ ಮಾಸಿದ ಕಲೆ ಎಂದರೆ ನಡುವೆ ಬಹಳ ದಿನ ಕಾಣೆಯಾಗಿವೆ.

ಗ್ಯಾಂಗಿನ ಮೆಟ್ಟಿಲುಗಳಿಗೆ ಒಂದು ಪುಟ ಪ್ರತ್ಯೇಕವಾಗಿರಲಿ. ಇಟಾಲಿಯನ್ ಮಾದರಿಯಾದರೆ ಬಾಸ್, ಸಲಹೆಗಾರ ಕನ್ಸಿಲಿಯೆರಿ, ತಂಡದ ನಾಯಕ ಕ್ಯಾಪೊ, ಅವನ ಕೆಳಗಿನ ಸೋಲ್ಜರ್; ಜಪಾನಿನ ಯಾಕುಜಾ ಆದರೆ ಯಜಮಾನ ಒಯಾಬುನ್, ಅವನ ಕೈಕೆಳಗಿನ ಕೊಬುನ್; ಹಾಂಗ್‌ಕಾಂಗಿನ ಭೂಗತ ಗುಂಪು ಟ್ರಯಡ್ ಆದರೆ ಅಂಕಿಗಳೇ ಹುದ್ದೆ: 489 ಮುಖ್ಯಸ್ಥ, 426 ಹೊಡೆದಾಟದವನು, 415 ಲೆಕ್ಕ-ಸಲಹೆಯವನು, 49 ಸಾಮಾನ್ಯ ಸದಸ್ಯ. ಒಬ್ಬನಿಗೇ ಮನೆಹೆಸರು, ಅಡ್ಡಹೆಸರು, ಪೊಲೀಸ್ ಫೈಲಿನ ಹೆಸರು ಮೂರೂ ಇರುತ್ತವೆ. ಮೂರನ್ನೂ ಒಂದೇ ಸಾಲಿಗೆ ಸೇರಿಸಿ, ಆದರೆ ಮೂವರೂ ಒಬ್ಬನೇ ಎಂದು ಪುಸ್ತಕ ಹೇಳಿದ ಮೇಲೆ ಮಾತ್ರ.

ಕಲ್ಪಿತ ನಗರ ಕಣ್ಣಿಗೆ ಕಟ್ಟದಿದ್ದರೆ ಅದನ್ನು ಊರಿನ ಮೇಲೆ ಹಾಸಿ ನೋಡಿ. ಹಾಸನದವರು ಎನ್.ಆರ್. ಸರ್ಕಲ್ಲು, ಕಟ್ಟಿನಕೆರೆ ಮಾರುಕಟ್ಟೆ, ಬಿ.ಎಂ. ರಸ್ತೆಗಳನ್ನೂ, ಚಿಕ್ಕಮಗಳೂರಿನವರು ಐ.ಜಿ. ರಸ್ತೆ, ಆಜಾದ್ ಪಾರ್ಕ್ ವೃತ್ತಗಳನ್ನೂ ಗೂಟವಾಗಿ ನೆಟ್ಟುಕೊಂಡರೆ, ಹಫ್ತಾ ವಸೂಲಿಯ ಗಡಿ ಎಲ್ಲಿ, ಓಡಿ ತಪ್ಪಿಸಿಕೊಳ್ಳುವ ಗಲ್ಲಿ ಎಲ್ಲಿ ಎಂಬುದು ತಕ್ಷಣ ಹೊಳೆಯುತ್ತದೆ. ಲೇಖಕ ನಕ್ಷೆ ಕೊಟ್ಟಿದ್ದರೆ ಈ ಉಸಾಬರಿ ಬೇಡ.

ಮಾಟದ ನಿಯಮಕ್ಕೆ ಕೊನೆಯ ಪುಟ: ಏನು ಕೊಡುತ್ತದೆ, ಬೆಲೆ ಏನು, ಬೆಲೆ ತೆರುವವರು ಯಾರು, ವಾಪಸು ಪಡೆಯಲು ಆಗುತ್ತದೆಯೇ. ನಿಯಮ ಒಮ್ಮೆ ಮುರಿದರೆ ಅದು ಸುಳಿವು. ಕಾರಣ ಕೊಡದೆ ಮತ್ತೆ ಮತ್ತೆ ಮುರಿದರೆ ಅದು ಲೇಖಕನ ಸೋಮಾರಿತನ, ಪುಸ್ತಕ ಬಿಡಲು ಸಂಕೋಚ ಬೇಡ.

ಮಲಗುವ ಮುನ್ನ ಹತ್ತು ಪುಟ ಎಂಬ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಸುಳಿವುಗಳೆಲ್ಲ ಮರುದಿನಕ್ಕೆ ಆರಿರುತ್ತವೆ. ಒಂದೇ ಕೂರಿಕೆಗೆ ಐವತ್ತು ಅರವತ್ತು ಪುಟ ಸಾಗಬೇಕು. ಹಾಸನದಿಂದ ಯಶವಂತಪುರದ ರೈಲು ಇದಕ್ಕೆ ಲಾಯಕ್ಕು, ಚಾರ್ಮಾಡಿ ಘಾಟಿ ಇಳಿಯುವ ಬಸ್ಸು ಖಂಡಿತ ಅಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವ ಮಲೆನಾಡಿನ ಮನೆಗಳಿಗೆ ಬೆಳಕಿರುವ ಇ-ರೀಡರ್ ಅನುಕೂಲ. ಆದರೆ ಅದರಲ್ಲಿ ಪಾತ್ರದ ಹೆಸರನ್ನು ಸರ್ಚ್ ಮಾಡಬೇಡಿ. ಮುಂದಿನ ಅಧ್ಯಾಯಗಳ ಸಾಲುಗಳೂ ತೆರೆದುಕೊಂಡು ಯಾರು ಸಾಯುತ್ತಾರೆಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಮುಗಿದ ಮೇಲೆ ಪೂರ್ತಿ ಮರುಓದು ಬೇಡ. ಮೊದಲ ಅಧ್ಯಾಯವನ್ನೂ, ನಾಯಕನಿಗೆ ‘ನೀನು ಇಂಥವನು’ ಎಂದು ಯಾರಾದರೂ ಹೇಳುವ ದೃಶ್ಯಗಳನ್ನೂ ಮಾತ್ರ ತೆರೆಯಿರಿ. ಹೇಳುವವನು ಏನನ್ನು ಬಿಟ್ಟು ಹೇಳಿದ್ದ ಎಂಬುದನ್ನು ನಾಲ್ಕನೆಯ ಕಾಲಂ ಪಕ್ಕದಲ್ಲೇ ಬರೆಯಿರಿ.