ಮುಖ ಬಿಟ್ಟು ದನಿಯಿಂದ ಗುರುತಿಸಲು ಕಲಿಸಿದ ಬಗೆ

ಮಂಡ್ಯ ತಾಲ್ಲೂಕಿನ ಹಳ್ಳಿಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಶಾಲೆಯಲ್ಲಿಯೂ ಮನೆಯಲ್ಲಿಯೂ ಕಲಿಸುವ ಶಿಕ್ಷಕಿಯಾದ ನಾನು ಆಟಿಸಂ (ಇತರರೊಡನೆ ಬೆರೆಯುವ, ಮಾತನಾಡುವ ಬಗೆ ಚಿಕ್ಕಂದಿನಿಂದಲೇ ಭಿನ್ನವಾಗಿರುವ ಸ್ಥಿತಿ) ಇರುವ ಮಕ್ಕಳ ಬಗ್ಗೆ ಹೆಚ್ಚಾಗಿ ಕೇಳಿರುವ ದೂರೆಂದರೆ, ನೆಂಟರು ಬಂದರೆ ಮಾತನಾಡಿಸುವುದಿಲ್ಲ ಎಂಬುದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗಿ ತಪಾಸಣೆ ಮಾಡಿಸಿಕೊಂಡು ಬಂದ ಮನೆಗಳಲ್ಲೂ ಇದನ್ನು ಮಗುವಿನ ಹಟವೆಂದೇ ತಿಳಿಯುವುದುಂಟು. ಎದುರಿಗೆ ನಿಂತವರು ಯಾರೆಂಬುದೇ ಮಗುವಿಗೆ ತಿಳಿಯದಿರಬಹುದು ಎಂದು ಹೇಳಿದರೆ ಮೊದಮೊದಲು ಯಾರೂ ಒಪ್ಪುವುದಿಲ್ಲ, ಏಕೆಂದರೆ ಮಗುವಿನ ಕಣ್ಣು ಚೆನ್ನಾಗಿಯೇ ಇರುತ್ತದೆ.

ಕಣ್ಣು ಕಂಡರೂ ಮುಖ ಗುರುತಾಗದ ಈ ಸ್ಥಿತಿಗೆ ಜರ್ಮನಿಯ ನರವೈದ್ಯ ಯೋಆಖಿಮ್ ಬೋಡಮರ್ 1947ರಲ್ಲಿ ಪ್ರೊಸೊಪ್ಯಾಗ್ನೋಸಿಯ ಎಂದು ಹೆಸರಿಟ್ಟರು. ಅವರು ಕಂಡದ್ದು ಮಿದುಳಿಗೆ ಪೆಟ್ಟಾದವರನ್ನು. ಹುಟ್ಟಿನಿಂದಲೇ ಈ ತೊಂದರೆ ಇರುವವರೂ ಇದ್ದಾರೆಂಬುದು ಆಮೇಲೆ ತಿಳಿದುಬಂತು. ಆಟಿಸಂ ಇರುವ ಎಲ್ಲರಿಗೂ ಇದು ಇರುವುದಿಲ್ಲ, ಇದು ಇರುವ ಎಲ್ಲರಿಗೂ ಆಟಿಸಂ ಇರುವುದಿಲ್ಲ. ಹಾಗೆಯೇ, ಮುಖ ಯಾರದೆಂದು ತಿಳಿಯುವುದು ಬೇರೆ, ಆ ಮುಖದಲ್ಲಿರುವುದು ಕೋಪವೋ ದುಃಖವೋ ಎಂದು ತಿಳಿಯುವುದು ಬೇರೆ. ಒಂದರಲ್ಲಿ ತೊಡಕಿರುವ ಮಗುವಿಗೆ ಇನ್ನೊಂದು ಸಲೀಸಾಗಿರಬಹುದಾದ್ದರಿಂದ ನಾನು ಎರಡನ್ನೂ ಬೇರೆಬೇರೆಯಾಗಿಯೇ ಗಮನಿಸುತ್ತೇನೆ.

ನನಗೆ ಈ ವಿಷಯವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವನು ಮೂರನೇ ತರಗತಿಯ ಒಬ್ಬ ಹುಡುಗ. ಅವನ ತಂದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಡಿ ಕೊಟ್ಟು, ಮೀಸೆಯನ್ನೂ ತೆಗೆಸಿ ಮನೆಗೆ ಬಂದಾಗ, ಅವನು ಅಪರಿಚಿತರನ್ನು ಕಂಡಂತೆ ಒಳಕೋಣೆಗೆ ಓಡಿದನು. ಅಂಗಳದಿಂದ ಅವರು ಎಂದಿನಂತೆ ‘ಮಗಾ’ ಎಂದು ಕೂಗಿದ ಕೂಡಲೇ ಹೊರಗೆ ಬಂದು ಕೈ ಹಿಡಿದುಕೊಂಡನು. ತಾಯಿ ಇದನ್ನು ಹೇಳಿದ ಮೇಲೆ ನಾನು ಮನೆಯವರ ಫೋಟೊಗಳಲ್ಲಿ ಕೂದಲು, ಕನ್ನಡಕ, ಬಟ್ಟೆಗಳನ್ನು ಕಾಗದದಿಂದ ಮುಚ್ಚಿ ತೋರಿಸಿ ನೋಡಿದೆ. ಮುಚ್ಚದ ಫೋಟೊದಲ್ಲಿ ಹೆಸರು ಹೇಳುತ್ತಿದ್ದವನು ಮುಚ್ಚಿದಾಗ ಸುಮ್ಮನಾಗುತ್ತಿದ್ದನು. ಇದು ರೋಗನಿರ್ಣಯವಲ್ಲ, ಆದರೆ ಪಾಠ ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲು ಇಷ್ಟು ಸಾಕು.

ಬಟ್ಟೆ, ಜಡೆ, ಮೀಸೆ ಇವೆಲ್ಲ ಬದಲಾಗುವ ಗುರುತುಗಳು. ದನಿ, ನಡಿಗೆ, ಕಿವಿಯ ಆಕಾರ, ಮಚ್ಚೆ, ಕೆಮ್ಮುವ ರೀತಿ ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ಒಬ್ಬೊಬ್ಬರಿಗೂ ಬದಲಾಗದ ಎರಡು ಗುರುತುಗಳನ್ನು ಮಗುವೇ ಹುಡುಕುವಂತೆ ಮಾಡಿದೆ, ಮತ್ತು ಅವನು ಆರಿಸಿಕೊಂಡವು ನಾನು ಊಹಿಸಿದವುಗಳಿಗಿಂತ ಎಷ್ಟೋ ಸೂಕ್ಷ್ಮವಾಗಿದ್ದವು: ಸೋದರಮಾವ ಚಪ್ಪಲಿ ಎಳೆದು ನಡೆಯುವ ಸದ್ದು, ಅತ್ತೆ ಮಾತಿಗೆ ಮುಂಚೆ ಉಸಿರು ಎಳೆದುಕೊಳ್ಳುವ ಬಗೆ. ಸ್ತಬ್ಧಚಿತ್ರದಲ್ಲಿ ಇವು ಸಿಗುವುದಿಲ್ಲವಾದ್ದರಿಂದ ಮೊಬೈಲಿನಲ್ಲಿ ಚಿಕ್ಕ ಚಿಕ್ಕ ವಿಡಿಯೊ ತೆಗೆದುಕೊಂಡೆವು. ಶಾಲೆಯಲ್ಲಿ ಎಲ್ಲರದೂ ಒಂದೇ ಸಮವಸ್ತ್ರ, ಹೆಣ್ಣುಮಕ್ಕಳದೆಲ್ಲ ಒಂದೇ ಬಗೆಯ ರಿಬ್ಬನ್ ಜಡೆ. ಅಲ್ಲಿ ಕುಳಿತುಕೊಳ್ಳುವ ಜಾಗಗಳನ್ನು ಬದಲಿಸಬೇಡಿರೆಂದು ತರಗತಿಯ ಶಿಕ್ಷಕರನ್ನು ಕೇಳಿಕೊಂಡೆ.

ಆದರೆ ಕಲಿಯುವ ಹೊರೆಯೆಲ್ಲ ಮಗುವಿನ ಮೇಲೆಯೇ ಬೀಳುವುದು ನ್ಯಾಯವಲ್ಲ. ಮನೆಗೆ ಬಂದವರು ‘ನಾನು ಯಾರು ಹೇಳು ನೋಡೋಣ’ ಎಂದು ಪರೀಕ್ಷಿಸುವ ನಮ್ಮ ಕಡೆಯ ರೂಢಿ ಇಂಥ ಮಗುವಿಗೆ ಹಿಂಸೆ. ಅದರ ಬದಲು ‘ನಾನು ನಿನ್ನ ದೊಡ್ಡಪ್ಪ ಕಣೋ, ಮದ್ದೂರಿಂದ ಬಂದಿವ್ನಿ’ ಎಂದು ಮೊದಲೇ ಹೇಳಿಬಿಟ್ಟರೆ ಮಗು ತಾನಾಗಿ ಹತ್ತಿರ ಬರುತ್ತದೆ. ಇದರೊಂದಿಗೆ ಸುರಕ್ಷತೆಯ ಮಾತೂ ಇದೆ: ಸಂತೆಯಲ್ಲಿ ಅಪ್ಪನದೇ ಬಣ್ಣದ ಅಂಗಿ ತೊಟ್ಟವರ ಹಿಂದೆ ಮಗು ಹೊರಟುಬಿಡಬಹುದು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದವನ್ನು ಹೇಳದವರ ಜೊತೆ ಹೋಗಬಾರದೆಂಬ ಅಭ್ಯಾಸವನ್ನು ನಾನು ಎಲ್ಲಕ್ಕಿಂತ ಮುಂಚೆ ಮಾಡಿಸುತ್ತೇನೆ.

ಭಾವ ಓದುವ ವಿಷಯದಲ್ಲಿ, ನಗು ಮುಖ, ಅಳು ಮುಖಗಳ ಚಾರ್ಟನ್ನು ನಾನು ಹೆಚ್ಚು ನೆಚ್ಚುವುದಿಲ್ಲ. ಚಾರ್ಟಿನ ಮುಖವನ್ನು ಬಾಯಿಪಾಠ ಮಾಡಿದ ಮಗು ಅಡುಗೆಮನೆಯಲ್ಲಿ ಬೇಸರದಿಂದ ನಿಂತ ಅಮ್ಮನನ್ನು ಅರಿಯುವುದಿಲ್ಲ. ಅಮ್ಮನೇ ‘ನನಗೆ ಈಗ ಬೇಜಾರಾಗಿದೆ, ನಿನ್ನ ಮೇಲಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು. ಕಣ್ಣಿಗೆ ಕಣ್ಣು ಕೊಟ್ಟು ನೋಡೆಂಬ ಒತ್ತಾಯವೂ ನನ್ನ ಪಾಠದಲ್ಲಿಲ್ಲ. ಆಟಿಸಂ ಇರುವ ಮಕ್ಕಳು ಮುಖದ ಕೆಳಭಾಗದಿಂದ ಹೆಚ್ಚಿನ ಗುರುತು ಪಡೆಯುತ್ತಾರೆಂದು 1978ರಲ್ಲಿಯೇ ಸಂಶೋಧಕ ಲ್ಯಾಂಗ್‌ಡೆಲ್ ಅವರ ಅಧ್ಯಯನ ತೋರಿಸಿತ್ತು. ಬಾಯಿಯನ್ನು ನೋಡುವ ಮಗುವೂ ನಮ್ಮನ್ನು ಗಮನಿಸುತ್ತಲೇ ಇರುತ್ತದೆ.

ಆಟಿಸಂ ಇರುವವರಿಗೆ ಇತರರು ಅರ್ಥವಾಗದಂತೆಯೇ ಇತರರಿಗೂ ಅವರು ಅರ್ಥವಾಗುವುದಿಲ್ಲ, ಅರಿಯದಿರುವಿಕೆ ಎರಡೂ ಕಡೆಗೆ ಇದೆ ಎಂದು, ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಆ ಹುಡುಗನ ಅಜ್ಜಿಯ ಮಾತಿನಲ್ಲಿ ಅದನ್ನು ನಾನು ಕೇಳಿದ್ದೇನೆ: ‘ಅವ್ನ ಮೊಕ ನೋಡುದ್ರೆ ಏನೂ ಗೊತ್ತಾಗಕಿಲ್ಲ ಮೇಡಂ, ಕೈ ನೋಡ್ಬೇಕು.’ ಬೆರಳುಗಳನ್ನು ಒಂದರ ಮೇಲೊಂದು ಹೆಣೆದುಕೊಂಡರೆ ಅವನಿಗೆ ಗದ್ದಲ ಸಾಕಾಗಿದೆ, ಅಂಗೈ ಉಜ್ಜಿದರೆ ಖುಷಿಯಾಗಿದೆ. ಅಜ್ಜಿ ಹೇಳಿದ ಈ ಎರಡನ್ನೂ ಅವನ ವೈಯಕ್ತಿಕ ಕಲಿಕಾ ಯೋಜನೆಯಲ್ಲಿ, ಶಿಕ್ಷಕರು ಕಲಿಯಬೇಕಾದ ಅಂಶಗಳೆಂದು ಬರೆದಿದ್ದೇನೆ.