ಮನೆಯ ಹಿರಿಯರ ಬ್ಯಾಂಕ್ ಸಾಲ ಸುಸ್ತಿಯಾಗಿದೆಯಾ? ಹೀಗೆ ಶುರು ಮಾಡಿ

ಮಂಡ್ಯ ಕಡೆ ಹಳ್ಳಿಯಲ್ಲಿ ದೊಡ್ಡಪ್ಪನೋ ಸೋದರಮಾವನೋ ಇದ್ದು, ನೀವು ಮೈಸೂರಿನಲ್ಲಿ ಕೆಲಸಕ್ಕಿದ್ದರೆ, ಅವರ ಸಾಲದ ವಿಷಯ ನಿಮ್ಮ ಕಿವಿಗೆ ಬೀಳುವುದು ಎಲ್ಲರಿಗಿಂತ ಕೊನೆಗೆ. ಅಷ್ಟೊತ್ತಿಗೆ ಬ್ಯಾಂಕಿನವರು ಬೈಕಿನಲ್ಲಿ ಬಂದು ಹೋಗಿರುತ್ತಾರೆ. ಅಂಚೆಯಲ್ಲಿ ನೋಟಿಸ್ ಬಂದಿರುತ್ತದೆ, ಅದನ್ನು ಒಡೆದೂ ನೋಡದೆ ಗೋಡೆಯ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿರುತ್ತಾರೆ. ಕೇಳಿದರೆ ಒಂದೇ ಉತ್ತರ: "ಏನಿಲ್ಲ ಕಣಪ್ಪ, ಕಬ್ಬಿನ ದುಡ್ಡು ಬರ್ಲಿ, ಕಟ್ಬುಡ್ತೀನಿ."

ದುಡ್ಡು ಬರುವವರೆಗೆ ಕಾಯುವುದರಲ್ಲೇ ಎಡವಟ್ಟಾಗುವುದು. ಸಾಲ ಸುಸ್ತಿಯಾದ ಮೊದಲ ಕೆಲವು ವಾರಗಳಲ್ಲಿ ಬ್ಯಾಂಕಿನಲ್ಲಿ ಕೇಳಿಕೊಳ್ಳಲು ನಾಲ್ಕಾರು ದಾರಿ ಇರುತ್ತವೆ. ತಿಂಗಳು ಕಳೆದಂತೆ ಒಂದೊಂದೇ ಮುಚ್ಚುತ್ತವೆ. ಹಾಗಾಗಿ ದುಡ್ಡು ಹೊಂದಿಸುವುದು ಆಮೇಲೆ. ಮೊದಲು ಮಾತು, ಮತ್ತೆ ಕಾಗದ, ಆಮೇಲೆ ಅರ್ಜಿ.

ಮಾತು ಅಂದೆನಲ್ಲ, ಅದೇ ಕಷ್ಟದ ಕೆಲಸ. ಹಬ್ಬದ ದಿನ ಎಲ್ಲರೂ ಊಟಕ್ಕೆ ಕೂತಾಗ "ದೊಡ್ಡಪ್ಪ, ಎಷ್ಟು ಸಾಲ ಇದೆ?" ಅಂತ ಕೇಳಬೇಡಿ. ಸೊಸೆಯ ಎದುರಿಗಂತೂ ಬೇಡವೇ ಬೇಡ. ಗದ್ದೆ ಕಡೆ ಹೋಗುವಾಗ ಜೊತೆಗೆ ಹೋಗಿ. ಮೊತ್ತ ಕೇಳುವ ಬದಲು "ಯಾವ್ಯಾವ ಬ್ಯಾಂಕಿಂದ ಕಾಗದ ಬಂದಿದೆ?" ಅಂತ ಕೇಳಿ. ಮೊತ್ತ ಹೇಳಲು ಮರ್ಯಾದೆ ಅಡ್ಡ ಬರುತ್ತದೆ, ಕಾಗದ ತೋರಿಸಲು ಅಷ್ಟು ಅಡ್ಡ ಬರುವುದಿಲ್ಲ. ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಿ: "ಬೇರೆ ಯಾರ ಸಾಲಕ್ಕಾದರೂ ಜಾಮೀನು ಹಾಕಿದ್ದೀರಾ?" ಮಗನ ಟ್ರ್ಯಾಕ್ಟರ್, ಅಳಿಯನ ಅಂಗಡಿ, ಪಕ್ಕದ ಮನೆಯವರ ಸಾಲ, ಹೀಗೆ ಎಲ್ಲೆಲ್ಲೋ ಸಹಿ ಹಾಕಿರುತ್ತಾರೆ. ಕಾಂಟ್ರ್ಯಾಕ್ಟ್ ಕಾಯ್ದೆಯ ಸೆಕ್ಷನ್ 128ರ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. "ಸುಮ್ನೆ ಸಹಿ ಹಾಕ್ದೆ" ಅಂದರೆ ಬ್ಯಾಂಕು ಕೇಳುವುದಿಲ್ಲ.

ಈಗ ಕಾಗದ. ಮಾಮೂಲಿಯಾಗಿ ಎಲ್ಲವೂ ಗೊಬ್ಬರದ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿರುತ್ತದೆ. ಪಾಸ್‌ಬುಕ್, ಒಡವೆ ಸಾಲದ ಚೀಟಿ, ಹಳೇ ಪಹಣಿ, ಕಬ್ಬು ತೂಕದ ಚೀಟಿ, ಯಾವುದೋ ಮದುವೆ ಪತ್ರಿಕೆ. ನೆಲದ ಮೇಲೆ ಸುರಿದು, ಸಾಲಕ್ಕೊಂದು ಗುಡ್ಡೆ ಮಾಡಿ. ಬೆಳೆ ಸಾಲ, ಟ್ರ್ಯಾಕ್ಟರ್ ಸಾಲ, ಒಡವೆ ಸಾಲ, ಮನೆ ಸಾಲ, ಸೊಸೈಟಿ ಸಾಲ, ಇವೆಲ್ಲಕ್ಕೂ ನಿಯಮ ಬೇರೆ ಬೇರೆ. ನೋಟಿಸ್ ಬಂದ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯಿಂದ ಕಾಗದ ಯಾವಾಗ ಬಂತು ಅಂತ ತೋರಿಸಬಹುದು, ಎಷ್ಟೋ ಗಡುವು ಅಲ್ಲಿಂದಲೇ ಶುರುವಾಗುತ್ತದೆ. ಏನಾದರೂ ಬಿಟ್ಟುಹೋಗಿದೆ ಅನ್ನಿಸಿದರೆ ಅವರ ಹೆಸರಿನ ಸಾಲಗಳು ದಾಖಲಾಗಿರುವ ಸಿಬಿಲ್ ವರದಿ ತೆಗೆಸಿ. ವರ್ಷಕ್ಕೊಂದು ಸಲ ಪೂರ್ತಿ ವರದಿ ಬಿಟ್ಟಿ ಸಿಗುತ್ತದೆ. ಜಮೀನಿನ ಮೇಲೆ ಯಾರ ಸಾಲ ಕೂತಿದೆ ಅಂತ ನೋಡಲು ಪಹಣಿಯ 11ನೇ ಕಾಲಂ ನೋಡಿ.

ಆಮೇಲೆ ಬ್ಯಾಂಕಿನಿಂದ ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಉಳಿತಾಯ ಖಾತೆಯದ್ದಲ್ಲ, ಸಾಲದ ಖಾತೆಯದ್ದು. ಬ್ಯಾಂಕಿನವರು ನಿಮಗೆ ಏನೂ ಹೇಳುವುದಿಲ್ಲ, ಅದು ಸರಿಯೇ. ಒಂದೋ ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ, ಇಲ್ಲಾ ಅವರ ಸಹಿ ಇರುವ ಒಪ್ಪಿಗೆ ಪತ್ರ ತೆಗೆದುಕೊಂಡು ಹೋಗಿ. ನನ್ನ ಪ್ರಕಾರ ಕರೆದುಕೊಂಡು ಹೋಗುವುದೇ ಒಳ್ಳೆಯದು. ಹಿರಿಯರು ಎದುರಿಗೆ ಕೂತಿದ್ದರೆ ಮ್ಯಾನೇಜರ್ ಮಾತಾಡುವ ಧಾಟಿಯೇ ಬೇರೆ. ನೀವು ಮಾತ್ರ ಪಕ್ಕದಲ್ಲಿ ಕೂತು, ಅವರೇ ಮಾತಾಡಲು ಬಿಡಿ.

ಸ್ಟೇಟ್‌ಮೆಂಟಿನಲ್ಲಿ ಅಸಲು, ಬಡ್ಡಿ ಬಿಟ್ಟು ಇನ್ನೇನೇನು ಹಾಕಿದ್ದಾರೆ ಅಂತ ಒಂದೊಂದು ಸಾಲಾಗಿ ಓದಿ. ವಿಮೆ ಕಂತು, ತಪಾಸಣೆ ಶುಲ್ಕ, ನೋಟಿಸ್ ಖರ್ಚು, ದಂಡ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಒಂದು ಸೂಚನೆ ಕೊಟ್ಟು 2024ರಿಂದ ಜಾರಿ ಮಾಡಿದೆ: ಕಂತು ತಪ್ಪಿದರೆ ದಂಡದ ಶುಲ್ಕ ಹಾಕಬಹುದು, ಆದರೆ ಅದನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಹಾಗೆ ಸೇರಿಸಿದ್ದಾರೆ ಅಂತ ಕಂಡರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಬರೆದು ಕೇಳಿ. ಇನ್ನೊಂದು ವಿಷಯ. ಕಟ್ಟಿದ ದುಡ್ಡು ಯಾವ ಖಾತೆಗೆ ಹೋಗಿದೆ ನೋಡಿ. ಎರಡು ಮೂರು ಸಾಲ ಇದ್ದವರು ಚಲನ್‌ನಲ್ಲಿ ಸಾಲದ ಖಾತೆ ಸಂಖ್ಯೆ ಬರೆಯದೆ ಕಟ್ಟಿದರೆ, ಯಾವುದಕ್ಕೆ ಜಮಾ ಮಾಡಬೇಕು ಅನ್ನುವುದು ಬ್ಯಾಂಕಿನ ಕೈಗೆ ಹೋಗುತ್ತದೆ. ಕಟ್ಟುವಾಗಲೇ "ಇದು ಇಂಥ ಸಾಲಕ್ಕೆ" ಅಂತ ಬರೆದು ಕೊಡುವ ಹಕ್ಕು ಕಟ್ಟುವವರಿಗಿದೆ.

ದಿನದ ಲೆಕ್ಕ ಗೊತ್ತಿರಲಿ. ಮನೆ ಸಾಲ, ವಾಹನ ಸಾಲದಂಥ ಕಂತಿನ ಸಾಲ 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಬ್ಯಾಂಕಿನ ಲೆಕ್ಕದಲ್ಲಿ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಬೆಳೆ ಸಾಲಕ್ಕೆ ಲೆಕ್ಕ ಬೇರೆ: ಭತ್ತ, ರಾಗಿಯಂಥ ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು. ಕಬ್ಬನ್ನು ಯಾವುದಕ್ಕೆ ಸೇರಿಸಿದ್ದಾರೆ ಅಂತ ಶಾಖೆಯ ಫೀಲ್ಡ್ ಆಫೀಸರನ್ನೇ ಕೇಳಿ. ಎನ್‌ಪಿಎ ಆಗುವ ಮೊದಲು ಹೋದರೆ ಕಂತು ಇಳಿಸಿ ಅವಧಿ ಹೆಚ್ಚಿಸುವ ಮಾತು ಸಲೀಸು. ಆದ ಮೇಲೆ ಮಾತು ವಸೂಲಿ ಕಡೆಗೆ ತಿರುಗುತ್ತದೆ. ಬೆಳೆ ಸಾಲಕ್ಕೆ ಇನ್ನೊಂದು ನಷ್ಟವೂ ಇದೆ. ಕಿಸಾನ್ ಕ್ರೆಡಿಟ್ ಕಾರ್ಡ್‌ನಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಶೇ. 7 ಬಡ್ಡಿ, ಸರಿಯಾದ ಸಮಯಕ್ಕೆ ಕಟ್ಟಿದವರಿಗೆ ಅದರಲ್ಲಿ ಶೇ. 3 ಬಿಟ್ಟು ಬರೀ 4 ಬೀಳುತ್ತದೆ. ಗಡುವು ದಾಟಿದರೆ ಈ ರಿಯಾಯಿತಿ ಹೋಯಿತು.

ಕಬ್ಬಿನ ಬಿಲ್ಲು ಬಾರದೆ ಸಾಲ ಸುಸ್ತಿಯಾಗಿದ್ದರೆ ಅದನ್ನು ಬಾಯಲ್ಲಿ ಹೇಳಿದರೆ ಸಾಲದು. ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪಡೆದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಿ ಕೊಡಬೇಕು. ಕೈಗೆ ಬರುವುದು ಬೇರೆ ಮಾತು ಬಿಡಿ. ಆದರೆ ತೂಕದ ಚೀಟಿಗಳ ನಕಲು, ಬಾಕಿ ಎಷ್ಟಿದೆ ಅಂತ ತೋರಿಸುವ ಕಾಗದ ಅರ್ಜಿಯ ಜೊತೆಗಿದ್ದರೆ "ದುಡ್ಡು ಬರುವುದಿದೆ" ಅನ್ನುವ ಮಾತಿಗೆ ತೂಕ ಬರುತ್ತದೆ. ಬರಗಾಲದ ವರ್ಷ ಆದರೆ ತಾಲ್ಲೂಕನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿದೆಯಾ ನೋಡಿ. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. ಅಂಥ ಘೋಷಣೆಯಾದಾಗ ಬೆಳೆ ಸಾಲದ ಅವಧಿ ಬದಲಿಸಿಕೊಡಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕೇಳದಿದ್ದರೆ ಯಾರೂ ಮನೆ ಬಾಗಿಲಿಗೆ ತಂದು ಕೊಡುವುದಿಲ್ಲ.

ಅರ್ಜಿ ಉದ್ದ ಬೇಡ, ಒಂದು ಹಾಳೆ ಸಾಕು, ಕನ್ನಡದಲ್ಲೇ ಬರೆಯಿರಿ. ಹೆಚ್ಚುಕಮ್ಮಿ ಹೀಗೆ:

"ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ, ಪತ್ನಿಯ ಆಪರೇಷನ್ನಿಗೆ ಖರ್ಚಾಗಿದೆ. ಎರಡರ ನಕಲು ಲಗತ್ತಿಸಿದ್ದೇನೆ. ಈಗ ಇಷ್ಟು ಹಣ ಕಟ್ಟುತ್ತೇನೆ. ಉಳಿದದ್ದಕ್ಕೆ ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿಕೊಡಿ. ನಿಮ್ಮ ತೀರ್ಮಾನವನ್ನು ಬರವಣಿಗೆಯಲ್ಲಿ ತಿಳಿಸಿ."

ಎರಡು ಪ್ರತಿ ಮಾಡಿ. ಒಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ವಾಪಸ್ ತನ್ನಿ. ಸೀಲು ಹಾಕಲ್ಲ ಅಂದರೆ ಜಗಳ ಬೇಡ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಸೋಮವಾರ ಬೆಳಿಗ್ಗೆ, ತಿಂಗಳ ಕೊನೆಗೆ ಹೋಗಬೇಡಿ, ಆಗ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಒಂದು ಎಚ್ಚರಿಕೆ: ಮೂರು ವರ್ಷಕ್ಕಿಂತ ಹಿಂದೆ ಕಟ್ಟುವುದು ನಿಂತುಹೋದ ಹಳೇ ಸಾಲವಾದರೆ ಅರ್ಜಿ ಕೊಡುವ ಮೊದಲು, ಬ್ಯಾಂಕಿನವರು ಚಾಚಿದ ಯಾವುದೇ ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು, ವಕೀಲರಿಗೆ ತೋರಿಸಿ. ಸಾಲ ಒಪ್ಪಿಕೊಂಡು ಕೊಟ್ಟ ಸಹಿಯಿಂದ ದಾವೆ ಹೂಡುವ ಗಡುವು ಹೊಸದಾಗಿ ಶುರುವಾಗಬಹುದು.

ರಿನ್ಯೂವಲ್ ಅಂತ ಒಂದು ಸಂಪ್ರದಾಯ ನಮ್ಮ ಕಡೆ ಇದೆ, ಗೊತ್ತಲ್ವಾ? ಊರಿನಲ್ಲಿ ಯಾರ ಹತ್ತಿರವೋ ವಾರದ ಮಟ್ಟಿಗೆ ಮೀಟರ್ ಬಡ್ಡಿಗೆ ಕೈಸಾಲ ತಂದು, ಬೆಳೆ ಸಾಲ ಪೂರ್ತಿ ಕಟ್ಟಿ, ಹೊಸ ಸಾಲ ಮಂಜೂರಾದ ತಕ್ಷಣ ಕೈಸಾಲ ತೀರಿಸುವುದು. ಮಂಜೂರಾತಿ ಎರಡು ವಾರ ತಡವಾದರೆ ಮುಗೀತು, ಬ್ಯಾಂಕಿನ ಸಾಲ ಹೋಗಿ ಬಡ್ಡಿಯವನ ಸಾಲ ತಲೆ ಮೇಲೆ. ಇದನ್ನು ಮಾಡಲೇಬೇಡಿ. ಒಡವೆ ಇಟ್ಟು ಕಟ್ಟುವುದಾದರೂ ಬ್ಯಾಂಕಿನಲ್ಲೇ ಇಡಿ, ಬಿಡಿಸಿಕೊಳ್ಳುವ ತಾರೀಖನ್ನು ನಿಮ್ಮ ಫೋನಿನಲ್ಲೂ ಹಾಕಿಕೊಳ್ಳಿ.

"ಮನ್ನಾ ಆಗ್ತದಂತೆ" ಅಂತ ಕಾಯುವವರು ಪ್ರತಿ ಊರಿನಲ್ಲೂ ಇದ್ದಾರೆ. 2018ರಲ್ಲಿ ಆಗಿತ್ತು, ಸುಳ್ಳಲ್ಲ. ಆದರೆ ಅದು ಬೆಳೆ ಸಾಲಕ್ಕೆ ಮಾತ್ರ, ವಾಣಿಜ್ಯ ಬ್ಯಾಂಕಿನ ಸುಸ್ತಿ ಸಾಲಕ್ಕೆ 2 ಲಕ್ಷದ ಮಿತಿಯೊಳಗೆ. ಟ್ರ್ಯಾಕ್ಟರ್ ಸಾಲದವರಿಗೆ ಏನೂ ಸಿಗಲಿಲ್ಲ. ಮನ್ನಾ ಮಾಡಿಸಿಕೊಡುತ್ತೇನೆ ಅಂತ ಮುಂಗಡ ಕೇಳುವವನು, ಓಟಿಪಿ ಕೇಳುವವನು, ಇಬ್ಬರೂ ಕಳ್ಳರೇ.

ಎನ್‌ಪಿಎ ಆಗಿಹೋಗಿದ್ದರೆ ಓಟಿಎಸ್, ಅಂದರೆ ಒಂದೇ ಸಲಕ್ಕೆ ಒಂದು ಮೊತ್ತ ಕಟ್ಟಿ ಮುಗಿಸುವ ಒಪ್ಪಂದ, ಕೇಳಬಹುದು. ಅದು ನಮ್ಮ ಹಕ್ಕೇನಲ್ಲ, 2021ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಹಾಗಾಗಿ ಗದರಿಸಿ ಕೇಳಿದರೆ ಉಪಯೋಗವಿಲ್ಲ. ಎಷ್ಟು ದುಡ್ಡು, ಎಲ್ಲಿಂದ, ಯಾವ ತಾರೀಖಿಗೆ, ಇದನ್ನು ಮನೆಯಲ್ಲೇ ಇತ್ಯರ್ಥ ಮಾಡಿಕೊಂಡು ಹೋಗಿ. ಒಪ್ಪಿದರೆ ಮಂಜೂರಾತಿ ಪತ್ರ ಕೈಗೆ ಬಂದ ಮೇಲೇ ಪೂರ್ತಿ ಹಣ ಕಟ್ಟಿ. "ಕಟ್ಟಿ ಸಾರ್, ಆಮೇಲೆ ಲೆಟರ್ ಕೊಡ್ತೀವಿ" ಅನ್ನುವುದಕ್ಕೆ ತಲೆಯಾಡಿಸಬೇಡಿ. ಹೀಗೆ ಮುಗಿಸಿದ ಸಾಲ ಸಿಬಿಲ್‌ನಲ್ಲಿ ಪೂರ್ತಿ ತೀರಿದ ಸಾಲದ ಹಾಗೆ ಕಾಣುವುದಿಲ್ಲ, ಮುಂದೆ ಸಾಲ ಸಿಗುವುದು ಕಷ್ಟ. ಎಪ್ಪತ್ತು ದಾಟಿದ ದೊಡ್ಡಪ್ಪನಿಗೆ ಅದೇನು ದೊಡ್ಡ ವಿಷಯವಲ್ಲ, ಜೊತೆಗೆ ಸಹಿ ಹಾಕಿದ ಮಗನಿಗೆ ಮಾತ್ರ ಹೌದು.

ಮಂಡ್ಯ, ಮೈಸೂರಿನ ಕೋರ್ಟುಗಳಲ್ಲಿ ಲೋಕ ಅದಾಲತ್ ನಡೆದಾಗಲೂ ಬ್ಯಾಂಕಿನವರು ಬರುತ್ತಾರೆ. ಅಲ್ಲಿ ಶುಲ್ಕವಿಲ್ಲ. ಆದರೆ ಅಲ್ಲಿ ಒಪ್ಪಿ ಸಹಿ ಹಾಕಿದ್ದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಕಟ್ಟಲಾಗದ ಕಂತಿಗೆ ಮುಲಾಜಿಗೆ ಬಿದ್ದು ಒಪ್ಪಬೇಡಿ.

ಅಡವಿಟ್ಟ ಆಸ್ತಿಯನ್ನು ಕೋರ್ಟಿನಲ್ಲಿ ದಾವೆ ಹೂಡದೆಯೇ ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವುದು ಸರ್ಫೇಸಿ ಕಾಯ್ದೆ. ಅದರ ನೋಟಿಸ್ ಬಂದರೆ ಹೆದರಿ ಬಚ್ಚಿಡಬೇಡಿ. ಆ ಕಾಯ್ದೆಯ ಸೆಕ್ಷನ್ 13(2)ರಡಿ ಬಾಕಿ ಕಟ್ಟಿ ಅಂತ ಬರುವ ನೋಟಿಸಿಗೆ 60 ದಿನದ ಗಡುವು. ಅಷ್ಟರಲ್ಲಿ ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಲೇಬೇಕು. ಮುಂದೆ ಆಸ್ತಿಯ ಸ್ವಾಧೀನಕ್ಕೆ ಕೈ ಹಾಕಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಮನೆಗೆ, ಸೈಟಿಗೆ ಅನ್ವಯಿಸುತ್ತದೆ. ಹಾಗಂತ ಜಮೀನು ಪೂರ್ತಿ ಕ್ಷೇಮ ಅಂದುಕೊಳ್ಳಬೇಡಿ, ಸಿವಿಲ್ ಕೋರ್ಟಿನ ದಾರಿ ಬ್ಯಾಂಕಿಗೆ ಇದ್ದೇ ಇದೆ. ಈ ಹಂತಕ್ಕೆ ಬಂದರೆ ವಕೀಲರು ಬೇಕೇ ಬೇಕು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಸಹಾಯವಾಣಿ 15100. ಸಾಲ ದೊಡ್ಡಮ್ಮನ ಹೆಸರಿನಲ್ಲಿದ್ದರೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ, ಹೆಂಗಸರಿಗೆ ಕಾನೂನಿನಲ್ಲೇ ಅದಿದೆ.

ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಊರವರ ಮುಂದೆ ಅವಮಾನ ಮಾಡುವಂತಿಲ್ಲ, ನೆಂಟರಿಗೆಲ್ಲ ಫೋನ್ ಮಾಡಿ ಕಾಡುವಂತಿಲ್ಲ. ಮಾಡಿದರೆ ತಾರೀಖು, ಹೊತ್ತು, ನಂಬರ್ ಬರೆದಿಟ್ಟು ಮೊದಲು ಬ್ಯಾಂಕಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ಖರ್ಚಿಲ್ಲ. ಮಾಹಿತಿಗೆ 14448. ದೂರಿಗೆ ದೊಡ್ಡಪ್ಪನದೇ ಸಹಿ ಇರಲಿ.

ನಿಮ್ಮ ಬಗ್ಗೆ ಒಂದು ಮಾತು. ಅವಧಿ ಹೆಚ್ಚಿಸಲು ನಿಮ್ಮನ್ನೂ ಸಾಲಗಾರರಾಗಿ ಸೇರಿಸೋಣ ಅಂತ ಬ್ಯಾಂಕು ಕೇಳಬಹುದು. ಆ ಕ್ಷಣಕ್ಕೆ ಪ್ರೀತಿಯಿಂದ ಹೂಂ ಅನ್ನಬೇಡಿ. ತಿಂಗಳಿಗಿಷ್ಟು ಅಂತ ದುಡ್ಡು ಕೊಡಿ, ಬೇಕಾದರೆ ನೇರವಾಗಿ ಸಾಲದ ಖಾತೆಗೇ ಹಾಕಿ. ಸಹಿ ಬೇರೆ, ಸಹಾಯ ಬೇರೆ.

ಸಾಲ ಮುಗಿದ ದಿನ ಅರ್ಧ ಕೆಲಸ ಬಾಕಿ ಇರುತ್ತದೆ. ಬಾಕಿ ಇಲ್ಲ ಅನ್ನುವ ಪತ್ರ ತೆಗೆದುಕೊಳ್ಳಿ. ಮನೆ ಸಾಲದಂಥ ವೈಯಕ್ತಿಕ ಸಾಲವಾಗಿದ್ದರೆ ಅಸಲು ದಾಖಲೆಗಳನ್ನು 30 ದಿನದೊಳಗೆ ವಾಪಸ್ ಕೊಡಬೇಕು, ಬ್ಯಾಂಕಿನದೇ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಜಮೀನಿನ ಸಾಲವಾಗಿದ್ದರೆ ಋಣ ತೀರಿದ ಪತ್ರವನ್ನು ಎಲ್ಲಿಗೆ ಕೊಡಬೇಕು ಅಂತ ಶಾಖೆಯಲ್ಲೇ ಕೇಳಿ, ಕೊಟ್ಟು, ಕೆಲವು ವಾರ ಬಿಟ್ಟು ಹೊಸ ಪಹಣಿ ತೆಗೆಸಿ. 11ನೇ ಕಾಲಂನಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಮತ್ತೆ ಹೋಗಿ.